ಅಜ್ಜಿಯ ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಕೆಮ್ಮು ನನ್ನದು.

ಹರಿಹರದ ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡು ಮೂರು ತಿಂಗಳಾಗಿತ್ತು. ನಾನು ರೈಲಿನಲ್ಲಿ ದಾವಣಗೆರೆ ಕಾಲೇಜಿಗೆ ಹೋಗಿ, ಪಾಠ ಬಿಟ್ಟು ಮೇಷ್ಟ್ರುಗಳ ದನಿ ಕಲಿತು ಬರುತ್ತಿದ್ದ ಕಾಲ. ಒಂದು ಮುಸ್ಸಂಜೆ ಅಜ್ಜಿಯ ಕೋಣೆಯ ಕದದ ಹಿಂದೆ ನಿಂತು, ಅವಳಂತೆಯೇ ಎರಡು ಸಲ ಕೆಮ್ಮಿ, ಅತ್ತಿಗೆಯ ಹೆಸರು ಹಿಡಿದು, "ನೀರು ತಾರೇ" ಎಂದೆ. ಅತ್ತಿಗೆ ಚೀರುತ್ತಾರೆ, ನಗಬಹುದು ಅಂದುಕೊಂಡಿದ್ದೆ. ಚೀರಲಿಲ್ಲ. ತಂಬಿಗೆಯಲ್ಲಿ ನೀರು ತಂದು ಬರಿ ಮಂಚದ ಪಕ್ಕ ಇಟ್ಟು ಹೋದರು.

ಮರುದಿನ ಯಾರೂ ಕೆಮ್ಮಲಿಲ್ಲ. ತಂಬಿಗೆ ಬಂತು. ಅದರ ಮರುದಿನವೂ ಬಂತು. ಆಮೇಲೆ ಅತ್ತಿಗೆ ಊಟ ಬಿಟ್ಟರು, ಮಾತೂ ಬಿಟ್ಟರು.

"ಅಜ್ಜಿ ಮೆಟ್ಟಿಕೊಂಡೈತೆ," ಅಂದಳು ಅವ್ವ. "ಹೊಳೆ ಆಚೆ ಒಬ್ಬ ಬಿಡಿಸ್ತಾನಂತೆ. ಅಮಾಸಿ ದಿನ ಬರೆ ಎಳೆದ್ರೆ ಓಡಿಹೋಗ್ತೈತಂತೆ."

"ಅದೆಲ್ಲ ಬ್ಯಾಡ. ಮಾಯಕೊಂಡಕ್ಕೆ ತವರಿಗೆ ಕಳಿಸು, ಸರಿಹೋಗ್ತಾಳೆ," ಅಂದ ಅಪ್ಪ.

ಅವ್ವನದೇ ನಡೆಯಿತು. ಅಡಿಗೆಮನೆ ಮೂಲೆಗೆ ಹೊಸದೊಂದು ಕಬ್ಬಿಣದ ಸಲಾಕೆ ಬಂದು ಒರಗಿತು. ಅತ್ತಿಗೆ ಅದರ ಪಕ್ಕದಲ್ಲೇ ಕೂತು ರೊಟ್ಟಿ ತಟ್ಟುತ್ತಿದ್ದರು. ಊರವರ ದನಿಯೆಲ್ಲ ತೆಗೆಯುವ ನನಗೆ "ಕೆಮ್ಮಿದ್ದು ನಾನು" ಅನ್ನಲು ದನಿ ಹೊರಡಲಿಲ್ಲ. ಅಮಾವಾಸ್ಯೆಗೆ ನಾಲ್ಕು ದಿನವಿತ್ತು.

ಎಂದೂ ಬಾಯಿ ಬಿಡದ ಅಣ್ಣ ಅಂದು ಬಿಟ್ಟ: "ಮೊದಲು ಡಾಕ್ಟರಿಗೆ ತೋರಿಸಾಣ."

ದಾವಣಗೆರೆಯ ಡಾಕ್ಟರು ನಾಡಿ ಹಿಡಿಯಲಿಲ್ಲ. "ಇವರೊಬ್ಬರನ್ನೇ ನೋಡಲ್ಲ. ಎಲ್ಲರೂ ಕೂಡ್ರಿ. ಈ ವಾರ ಇವರ ಹತ್ರ ಯಾರ್ಯಾರು ಏನೇನು ಮಾತಾಡಿದಿರಿ, ಹೇಳ್ರಿ."

ನನ್ನ ಚಟ ಸುಮ್ಮನಿರುತ್ತದೆಯೇ! ಅವ್ವನ "ರೊಟ್ಟಿ ಆತೇನೇ?" ಮಾಡಿದೆ. ಅಪ್ಪನ "ಚಾ" ಮಾಡಿದೆ. ಅಣ್ಣನದು ಬರಿ ಚಿಟಿಕೆ, ಅದನ್ನೂ ಹೊಡೆದು ತೋರಿಸಿದೆ. ಅಪ್ಪ ನಕ್ಕ. ಡಾಕ್ಟರು ನಗಲಿಲ್ಲ.

"ಭೇಷ್. ಈಗ ನಿಮ್ಮ ಅತ್ತಿಗೇರದು ಮಾಡ್ರಿ."

ಬಾಯಿ ತೆರೆದೆ. ಏನೂ ಬರಲಿಲ್ಲ. ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಅವರ ಒಂದು "ಹೂಂ" ಬಿಟ್ಟು ನನಗೆ ಏನೂ ನೆನಪಾಗಲಿಲ್ಲ. ಉಳಿದಿದ್ದು ಒಂದೇ ದನಿ. ಎರಡು ಸಲ ಕೆಮ್ಮಿದೆ. "ಅವತ್ತೊಂದಿನ ಅಜ್ಜಿ ಕೋಣ್ಯಾಗೆ ಹಿಂಗೆ ಕೆಮ್ಮಿ ನೀರು ಕೇಳಿದ್ದು ನಾನೇ," ಅಂದೆ.

ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಅಪ್ಪ ನನ್ನ ಕಪಾಳಕ್ಕೆ ಒಂದು ಬಿಟ್ಟ. ಆದರೂ ಅವ್ವ ಹಟ ಬಿಡಲಿಲ್ಲ: "ಇವನು ಒಂದಿನ ಕೆಮ್ಮಿದ್ದು. ಇವಳು ದಿನಾ ಯಾಕ ನೀರು ಇಡ್ತಾಳೆ? ಅಮಾಸಿಗೆ ಹೋಗೋದೇ."

ಅತ್ತಿಗೆ ತಲೆಯೆತ್ತಿದರು. ಆಗ ಅವರ ದನಿ ಹೇಗಿದೆಯೆಂದು ನನಗೆ ಗೊತ್ತಾಯಿತು.

"ಕೆಮ್ಮಿದ್ದು ಮೈದುನ ಅಂತ ನಂಗೆ ಅವತ್ತೇ ಗೊತ್ತಿತ್ತು ಅತ್ತೆ. ಆದ್ರೂ ನಿಮ್ಮ ಮನ್ಯಾಗೆ ನನ್ನ ಹೆಸರು ಹಿಡಿದು ಕರೆಯೋರು ಅಜ್ಜಿ ಒಬ್ರೇ ಇದ್ರು. ಇನ್ನೊಂದು ಸಲ ಕರೀತಾರೇನೋ ಅಂತ ನೀರು ಇಟ್ಟೆ. ಇದಕ್ಕೆ ಬರೆ ಎಳೀಬೇಕಂದ್ರೆ ನಡೀರಿ, ಸಲಾಕೆ ನಾನೇ ಹೊತ್ಕೊಂಡು ಬರ್ತೀನಿ."