ಎರಡು ದೇಶದ ಮನೆಗಳು, ಒಂದೇ ಪ್ರಶ್ನಾವಳಿ

ನ್ಯೂಜೆರ್ಸಿಯಲ್ಲಿ ನಾನು ಮೊದಲ ಸಲ ಒಬ್ಬರ ಮನೆಯ ಗಂಟೆ ಒತ್ತಿದಾಗ ಬಾಗಿಲು ತೆರೆಯಲಿಲ್ಲ, ಗಂಟೆಯೇ ಮಾತಾಡಿತು. "ಯಾರು? ಏನಾಗಬೇಕಿತ್ತು?" ಎಂದಿತು ಒಂದು ಗಂಡುದನಿ. ವಿಶ್ವವಿದ್ಯಾಲಯದ ಸಮೀಕ್ಷೆಗೆ ಬಂದಿದ್ದೇನೆ, ಒಳಗೆ ಬರಬಹುದೇ ಎಂದು ನಾನು ಬಾಗಿಲಿನ ಸಂದಿಗೆ ಬಾಯಿ ಹಚ್ಚಿ ಕೇಳಿದೆ. "ನಾನು ಮನೆಯಲ್ಲಿಲ್ಲ, ಟ್ರಕ್ ಓಡಿಸ್ತಿದ್ದೀನಿ. ಪೆನ್ಸಿಲ್ವೇನಿಯಾ ದಾಟಿದ್ದೀನಿ. ಮೊದಲು ನಿನ್ನ ಚೀಲ ನಮ್ಮ ಹೂಕುಂಡದ ಮೇಲಿಂದ ತೆಗಿ," ಎಂದಿತು ಗಂಟೆ. ಚೀಲ ತೆಗೆದೆ. ಮನುಷ್ಯ ನೂರಾರು ಮೈಲಿ ದೂರದಲ್ಲಿದ್ದ, ಆದರೂ ಗಂಟೆಯೊಳಗಿನ ಕ್ಯಾಮೆರಾದಿಂದ ಅವನ ಹೊಸ್ತಿಲು ಅವನ ಕಣ್ಣೆದುರೇ ಇತ್ತು. ನಾನು ಹೊಸ್ತಿಲ ಮೇಲೆಯೇ ನಿಂತಿದ್ದೆ, ನನಗೆ ಯಾರೂ ಕಾಣುತ್ತಿರಲಿಲ್ಲ.

ಮನೆ ಮನೆ ತಿರುಗುವುದು ನನಗೆ ಹೊಸದಲ್ಲ. ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಜನಗಣತಿ, ಮತದಾರರ ಪಟ್ಟಿ, ಶೌಚಾಲಯದ ಲೆಕ್ಕ, ಸರ್ಕಾರಕ್ಕೆ ಏನು ಬೇಕಾದರೂ ನಮ್ಮನ್ನೇ ಕಳಿಸುತ್ತಿದ್ದರು. ಅಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕೂತರೆ ನಾಲ್ಕು ಮನೆಯವರು ಸೇರಿ ಉತ್ತರ ಹೇಳುತ್ತಿದ್ದರು. ಮನೆಯಾಕೆ ಎಮ್ಮೆ ಎರಡು ಎಂದರೆ ಪಕ್ಕದಾಕೆ, "ಮೂರ ಅದಾವ್ರೀ ಟೀಚರ್, ಒಂದು ತವರುಮನ್ಯಾಗ ಕಟ್ಟ್ಯಾಳ," ಎಂದು ತಿದ್ದುತ್ತಿದ್ದಳು. ಇಲ್ಲಿ ಪಕ್ಕದ ಮನೆಯವರ ಹೆಸರು ಕೇಳಿದರೆ ಜನ ಭುಜ ಕುಣಿಸುತ್ತಾರೆ.

ನನ್ನ ಯಜಮಾನರು ಫಿಸಿಯೋಥೆರಪಿಸ್ಟ್. ವೃದ್ಧಾಶ್ರಮವೊಂದರಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ಮತ್ತೆ ನಡೆಸುವ ಕೆಲಸ. ಅವರ ವೀಸಾದ ನೆರಳಿನಲ್ಲಿ ಬಂದ ನನಗೆ ಕೆಲಸದ ಪರವಾನಗಿ ಸಿಗಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಪಾರ್ಸಿಪನಿಯ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಕಿಟಕಿ ಕಾಯುತ್ತಿದ್ದೆ. ಡ್ರೈವಿಂಗ್ ಕಲಿತು, ಎರಡು ಸಲ ಫೇಲಾಗಿ, ಮೂರನೆಯ ಸಲ ಲೈಸೆನ್ಸ್ ಪಡೆದ ದಿನ ಒಬ್ಬಳೇ ರೂಟ್ ಫಾರ್ಟಿಸಿಕ್ಸ್ ಹೆದ್ದಾರಿಯಲ್ಲಿ ಹೋಗಿ ಮೆಂತ್ಯಸೊಪ್ಪು ತಂದೆ. ಆ ವರ್ಷದ ದೊಡ್ಡ ಸಾಧನೆ ಅದೇ.

ಪರವಾನಗಿ ಬಂದ ಮೇಲೆ ಸಿಕ್ಕಿದ್ದು ಈ ಸಮೀಕ್ಷೆಯ ಕೆಲಸ. ಫೋನಿನಲ್ಲಿ ಹೇಳಿದಾಗ ಯಜಮಾನರು ನಕ್ಕರು. "ಮನಿ ಮನಿ ತಿರಗೂದು ತಪ್ಪಿತು ಅನ್ಕೊಂಡಿದ್ದಿ. ಇಲ್ಲೀನೂ ಅದ ಗಂಟು ಬಿತ್ತು ನೋಡು."

ಸಮೀಕ್ಷೆ ನಡೆಸುತ್ತಿದ್ದ ಪ್ರೊಫೆಸರ್ ಅರವತ್ತು ದಾಟಿದ ಹೆಂಗಸು. ಲಾವೋಸ್ ದೇಶದಿಂದ ಬಂದವರು ಮತ್ತು ತುರ್ಕಿಯಿಂದ ಬಂದವರು, ಈ ಎರಡು ಗುಂಪಿನವರ ಆರ್ಥಿಕ ಸ್ಥಿತಿಯನ್ನು ಹೋಲಿಸುವುದು ಅವರ ಉದ್ದೇಶ. ಯಾಕೆ ಈ ಎರಡೇ ಎಂದು ಕೇಳಿದೆ. "ಲಾವೋಸಿನವರು ಯುದ್ಧದಿಂದ ಓಡಿ, ನಿರಾಶ್ರಿತರಾಗಿ, ಬರಿಗೈಯಲ್ಲಿ ಬಂದರು. ಆದರೆ ಬಂದ ದಿನವೇ ಅವರ ಕೈಗೆ ಕಾಗದಪತ್ರ ಸಿಕ್ಕಿತು. ತುರ್ಕಿಯವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಬಂದರು. ಕಸುಬಿತ್ತು, ಕೆಲವರಿಗೆ ಓದಿತ್ತು, ಕಾಗದಪತ್ರಕ್ಕೆ ಪರದಾಡಿದರು. ಇಂದು ಯಾರು ಗಟ್ಟಿಯಾಗಿ ನಿಂತಿದ್ದಾರೆ ಅನ್ನೋದು ನನ್ನ ಪ್ರಶ್ನೆ," ಎಂದರು. ನನಗೆ ಎರಡೂ ದೇಶ ಭೂಪಟದಲ್ಲಿ ಮಾತ್ರ ಗೊತ್ತಿದ್ದವು.

ತುರ್ಕಿಯವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಪ್ಯಾಟರ್ಸನ್ ಊರಿನ ದಕ್ಷಿಣ ಭಾಗದಲ್ಲಿ ಅವರ ಬೇಕರಿ, ಮಾಂಸದಂಗಡಿ, ಹೊಟೇಲು ಸಾಲಾಗಿವೆ. ಯೂಸುಫ್ ಎನ್ನುವವರ ಬೇಕರಿಗೆ ಹೋದೆ. ಎಲ್ಲರೂ ಅವರನ್ನು 'ಯೂಸುಫ್ ಬೇ' ಎನ್ನುತ್ತಿದ್ದರು. ಬೇ ಎಂದರೆ ನಮ್ಮ 'ಸಾಹೇಬ್ರು' ಇದ್ದಂತೆ. ನ್ಯೂಜೆರ್ಸಿಯಲ್ಲಿ ಬಂಕಿಗೆ ಹೋದವರು ತಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, ಹಾಕಲು ಆಳಿರುತ್ತಾನೆ. ಯೂಸುಫ್ ಹದಿಮೂರು ಚಳಿಗಾಲ ಆ ಆಳಾಗಿ ನಿಂತವರು. ಈಗ ಬೇಕರಿ ಅವರದು, ಮೇಲಿನ ಎರಡು ಮಹಡಿ ಅವರದು. ಬಂಕಿನಲ್ಲಿ ಹೆಪ್ಪುಗಟ್ಟಿದ ಬೆರಳುಗಳನ್ನು ತೋರಿಸುತ್ತ, "ವ್ಯಾಪಾರ ಏನೂ ಇಲ್ಲ," ಎಂದರು. ರೋಣದ ಕಾಳಿನ ವ್ಯಾಪಾರಿಗಳೂ ಹಾಗೆಯೇ ಹೇಳುತ್ತಿದ್ದರು. ನಾನು ತಲೆಯಾಡಿಸಿ ಬರೆದುಕೊಂಡೆ.

ಅಲ್ಲೇ ಒಳಗಡೆ ಹಿಟ್ಟು ನಾದುತ್ತಿದ್ದವಳು ನುರ್ತೆನ್. ನಲವತ್ತರ ಒಳಗಿನ ಹೆಂಗಸು. ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಮಗಳೊಂದಿಗೆ ಬಾಡಿಗೆಗಿದ್ದಳು. ಇಂಗ್ಲಿಷ್ ಅವಳಿಗೂ ಕಷ್ಟ, ನನ್ನ ಉಚ್ಚಾರ ಅವಳಿಗೆ ಇನ್ನೂ ಕಷ್ಟ. ಬಾಡಿಗೆಯ ಪ್ರಶ್ನೆ ಬಂದಾಗ ಇಬ್ಬರೂ ತಡವರಿಸಿದೆವು. ಅವಳು ಯೋಚಿಸುತ್ತ ತನ್ನ ಭಾಷೆಯಲ್ಲಿ, "ಕಿರಾ..." ಎಂದಳು.

"ಕಿರಾಯಿ?" ಎಂದೆ.

ಅವಳು ಕೈ ಒರೆಸಿಕೊಂಡು ನನ್ನನ್ನು ನೋಡಿದಳು. "ನಿಮಗೆ ತುರ್ಕಿ ಬರುತ್ತಾ?"

"ಇಲ್ಲ. ನಮ್ಮ ಕಡೆ ಬಾಡಿಗೆಗೆ ಕಿರಾಯಿ ಅಂತೀವಿ."

ಮುಂದಿನ ಅರ್ಧ ಗಂಟೆ ಸಮೀಕ್ಷೆ ನಿಂತುಹೋಯಿತು. ನಾನು ಹಿಸಾಬು ಎಂದೆ, ಅವಳು ಹೆಸಾಪ್ ಎಂದಳು. ದುಕಾನು ಅವಳಲ್ಲೂ ದುಕ್ಕಾನ್. ಮುಸಾಫಿರ ಎಂದರೆ ನಮಗೆ ದಾರಿಹೋಕ, ಅವರಲ್ಲಿ ಮಿಸಾಫಿರ್ ಎಂದರೆ ಮನೆಗೆ ಬಂದ ಅತಿಥಿ. ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಾ ಕೊಟ್ಟು, "ನೀವು ನಮ್ಮ ಅರ್ಥದ ಮಿಸಾಫಿರ್," ಎಂದಳು. ಅಂದಿನಿಂದ ನಾನು ಅವಳಿಗೆ 'ಅಬ್ಲಾ', ಅಂದರೆ ಅಕ್ಕ.

ಅವಳು ತನ್ನ ಊರಿನಲ್ಲಿ ಹೈಸ್ಕೂಲಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ರಾಜಕೀಯದ ಗದ್ದಲದಲ್ಲಿ ಕೆಲಸ ಹೋಗಿ, ಇಲ್ಲಿಗೆ ಬಂದು ಆಶ್ರಯ ಕೇಳಿ ಅರ್ಜಿ ಹಾಕಿದ್ದಾಳೆ. ತೀರ್ಪು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ನನ್ನ ಪ್ರಶ್ನಾವಳಿಯಲ್ಲಿ ಯೂಸುಫ್ ಬೇ ಮತ್ತು ನುರ್ತೆನ್ ಇಬ್ಬರೂ 'ತುರ್ಕಿ'. ಇಬ್ಬರ ಆದಾಯ ಕೂಡಿಸಿ ಎರಡರಿಂದ ಭಾಗಿಸಿದರೆ ಪರವಾಗಿಲ್ಲ ಎನ್ನುವಂಥ ಒಂದು ಮೊತ್ತ ಬರುತ್ತದೆ. ಆ ಮೊತ್ತದ ಮನುಷ್ಯ ಆ ಕಟ್ಟಡದಲ್ಲಿ ಎಲ್ಲಿಯೂ ವಾಸವಾಗಿಲ್ಲ.

ಲಾವೋಸಿನವರು ಇಲ್ಲಿ ಬೆರಳೆಣಿಕೆಯಷ್ಟು. ಅವರದೇ ಬೀದಿಯಿಲ್ಲ, ಅಂಗಡಿಯ ಫಲಕವಿಲ್ಲ. ಒಬ್ಬರ ಮನೆಯಲ್ಲಿ ಇನ್ನೊಬ್ಬರ ವಿಳಾಸ ಪಡೆದು ಹುಡುಕಬೇಕಿತ್ತು. ಹಾಗೆ ಸಿಕ್ಕವರು ಬುನ್ಮಿ. ಎಪ್ಪತ್ತು ದಾಟಿದ ವಿಧವೆ. ಮೆಕಾಂಗ್ ನದಿ ದಾಟಿ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಶಾಲೆಯ ಮುಖ ಕಂಡವರಲ್ಲ. ಬಂದ ವಾರವೇ ಶಾಂಪೂ ತುಂಬುವ ಕಾರ್ಖಾನೆಗೆ ಸೇರಿ, ಅಲ್ಲೇ ನಿವೃತ್ತರಾದರು.

ಬಾಗಿಲು ತೆರೆದವರೇ, "ಕಿನ್ ಖಾವ್ ಲೆವ್ ಬೊ?" ಎಂದರು. ಊಟ ಆಯಿತೇ ಎಂದು. ಅವರಲ್ಲಿ ಅದೇ ನಮಸ್ಕಾರ. ಈ ದೇಶದಲ್ಲಿ ಅಪರಿಚಿತರೊಬ್ಬರು ನನ್ನ ಊಟ ವಿಚಾರಿಸಿದ್ದು ಅದೇ ಮೊದಲು.

ನಾನು ಮಾಂಸ, ಮೀನು ತಿನ್ನುವುದಿಲ್ಲ ಎಂದಾಗ ಅವರಿಗೆ ನಿಜಕ್ಕೂ ಚಿಂತೆಯಾಯಿತು. ಅವರ ಅಡಿಗೆಗೆ ಹುದುಗು ಬರಿಸಿದ ಮೀನಿನ ರಸವೇ ಉಪ್ಪು. ಕೊನೆಗೆ ಬದನೆಕಾಯಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಸುಟ್ಟು, ಕಲ್ಲಿನಲ್ಲಿ ಕುಟ್ಟಿ, ಬರೀ ಉಪ್ಪು ಹಾಕಿ ಕೊಟ್ಟರು. ಜೊತೆಗೆ ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೆಂದ ಅಂಟಕ್ಕಿಯ ಅನ್ನ. ಅದನ್ನು ಕೈಯಲ್ಲಿ ಉಂಡೆ ಮಾಡಿ ಚಟ್ನಿಗೆ ಅದ್ದಿ ತಿನ್ನಬೇಕು. ರೊಟ್ಟಿಯೊಂದಿದ್ದರೆ ಅದು ನಮ್ಮ ಬದನೆಕಾಯಿ ಚಟ್ನಿಯೇ. ಚಮಚ ಕೇಳದೆ ಕೈಹಾಕಿ ಉಂಡದ್ದು ಅವರಿಗೆ ಹಿಡಿಸಿತು.

"ಮನೆ ಸ್ವಂತದ್ದೇ?"

"ಸ್ವಂತದ್ದು. ಸಾಲ ಮುಗಿದಿದೆ."

"ಮನೆಯಲ್ಲಿ ಎಷ್ಟು ಜನ?"

"ನಾಲ್ಕು. ನಾನು, ಮಗಳು, ಅಳಿಯ, ಮೊಮ್ಮಗಳು."

ಒಳಬರುವಾಗ ಬಾಗಿಲ ಬಳಿ ಗ್ರೀಸು ಮೆತ್ತಿದ ದೊಡ್ಡ ಬೂಟು ನೋಡಿದ್ದೆ. ಅಳಿಯ ಆಸ್ಪತ್ರೆಯ ಅಡಿಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಾನೆ ಎಂದು ಅವರೇ ಆಗಷ್ಟೇ ಹೇಳಿದ್ದರು. ಮಹಡಿಯ ಮೇಲೆ ಯಾರೋ ನಡೆದ ಸಪ್ಪಳ ಕೇಳಿತು. ಬುನ್ಮಿ ಮೇಲೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಎಮ್ಮೆ ಮುಚ್ಚಿಟ್ಟವರ ಮುಖ ನನಗೆ ಗೊತ್ತು. ಇದು ಅದಲ್ಲ. ಇದರಲ್ಲಿ ಹೆದರಿಕೆಯಿತ್ತು. ನಾನು ನಾಲ್ಕು ಎಂದು ಬರೆದೆ.

ಬರೆದಿದ್ದನ್ನು ಅವರು ಬಗ್ಗಿ ನೋಡಿದರು. ಓದು ಬಾರದಿದ್ದರೂ ಅಂಕಿ ಗೊತ್ತಿತ್ತು. ಆಮೇಲೆ, "ಈಗ ನೀನು ಹೇಳು. ನಿನ್ನ ಮನೆ ಸ್ವಂತದ್ದಾ?" ಎಂದರು.

"ಇಲ್ಲ, ಬಾಡಿಗೆ."

"ಓದಿದ್ದೀಯಾ?"

"ನಾನೂ ಗಂಡನೂ ಇಬ್ಬರೂ ಓದಿದ್ದೀವಿ."

"ಕಾಗದಪತ್ರ?"

"ಇದೆ. ಆಗಾಗ ಮುಗಿಯುತ್ತೆ, ಮತ್ತೆ ಕೇಳಬೇಕು."

ಬುನ್ಮಿ ಇನ್ನೊಂದು ಉಂಡೆಯಷ್ಟು ಅನ್ನ ನನ್ನ ಕಡೆ ಸರಿಸಿದರು. ಅವರ ಪಾಲಿಗೆ ಬಡವಳು ನಾನೇ ಎಂದು ಗೊತ್ತಾಯಿತು.

ವಾರದ ಕೊನೆಗೆ ಪ್ರೊಫೆಸರ್ ಆ ಮನೆಯ ಹಾಳೆ ತೆಗೆದು ನನ್ನನ್ನು ಕರೆದರು. "ನಾಲ್ವರು ಎಂದಿದೆ. ಇಬ್ಬರ ಸಂಬಳದಲ್ಲಿ ಇಷ್ಟು ಮನೆತೆರಿಗೆ, ಮೂರು ಕಾರಿನ ಇನ್ಶೂರೆನ್ಸ್ ಹೇಗೆ ಕಟ್ಟುತ್ತಾರೆ? ಇನ್ನೊಬ್ಬರು ಇದ್ದಾರೆಯೇ?"

"ನಾನು ಕೇಳಿದೆ, ಅವರು ನಾಲ್ಕು ಎಂದರು."

"ನಿಮಗೇನು ಅನ್ನಿಸಿತು?"

"ನನಗೆ ಅನ್ನಿಸಿದ್ದನ್ನು ಬರೆಯಲು ಹಾಳೆಯಲ್ಲಿ ಜಾಗವಿಲ್ಲ ಮೇಡಮ್."

ಕೆಲಸ ಹೋಯಿತು ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪೂರ್ತಿ ಉತ್ತರವಿಲ್ಲದ ಮನೆ ಎಂದು ಬದಿಗಿಡುತ್ತೇನೆ. ಲೆಕ್ಕಕ್ಕೆ ಬರುವುದಿಲ್ಲ," ಎಂದರು. ಮುಂದೆ ಕೇಳಲಿಲ್ಲ. ಅಲ್ಲಿಗೆ ನಾನು ಚೆನ್ನಾಗಿ ಬಲ್ಲ ಒಂದೇ ಒಂದು ಲಾವೋಸಿನ ಮನೆ ಹೋಲಿಕೆಯಿಂದ ಹೊರಗೆ ಬಿತ್ತು.

ನಾನು ಹೋದ ಮನೆಗಳ ಮಟ್ಟಿಗೆ ಹೇಳುವುದಾದರೆ, ತುರ್ಕಿಯವರ ಕೈಯಲ್ಲಿ ವ್ಯಾಪಾರ ಹೆಚ್ಚು, ಪದವಿ ಹೆಚ್ಚು, ಅವರೊಳಗೇ ಮೇಲೆ ಕೆಳಗಿನ ಅಂತರವೂ ಹೆಚ್ಚು. ಲಾವೋಸಿನವರಿಗೆ ಓದು ಕಡಿಮೆ, ಸಂಬಳ ಕಡಿಮೆ, ಆದರೆ ಒಂದೇ ಸೂರಿನ ಕೆಳಗೆ ಮೂರು ನಾಲ್ಕು ಜನ ದುಡಿದು ಮನೆ ಕೊಂಡಿದ್ದಾರೆ. ತುರ್ಕಿಯವರು ಹೊಸದಾಗಿ ಬಂದವರಿಗೆ ಕೆಲಸ ಕೊಡುತ್ತಾರೆ. ಲಾವೋಸಿನವರಿಗೆ ಹೊಸದಾಗಿ ಬರುವವರೇ ಇಲ್ಲ. ಯಾರು ಮೇಲು ಎಂದು ಯಾರಾದರೂ ಕೇಳಿದರೆ, ಯಾವ ಮನೆ ಎಂದು ನಾನು ತಿರುಗಿ ಕೇಳುತ್ತೇನೆ.

ಅಷ್ಟರಲ್ಲಿ ನನ್ನದೇ ಪರವಾನಗಿಯ ಅವಧಿ ಮುಗಿಯಿತು. ಹೊಸದು ಬರುವವರೆಗೆ ಕೆಲಸಕ್ಕೆ ಬರುವಂತಿಲ್ಲ ಎಂದು ಕಚೇರಿಯಿಂದ ಪತ್ರ ಬಂತು. ಮತ್ತೆ ಪಾರ್ಸಿಪನಿಯ ಕಿಟಕಿ. ಈಗ ನಾನು ಸಮೀಕ್ಷೆಯವಳಲ್ಲ, ಬರೀ ಪರಿಚಯದವಳು. ಹಾಗೆಯೇ ಒಂದು ದಿನ ಬುನ್ಮಿಯ ಮನೆಗೆ ಶೇಂಗಾ ಚಟ್ನಿಪುಡಿ ತೆಗೆದುಕೊಂಡು ಹೋದೆ. ಬಾಗಿಲು ತೆರೆದದ್ದು ಆ ಬೂಟಿನ ಒಡೆಯ.

ಅವನು ಬುನ್ಮಿಯ ಮಗ ಕೀವ್. ನಲವತ್ತು ದಾಟಿದ ಗ್ಯಾರೇಜ್ ಮೆಕ್ಯಾನಿಕ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಹೊಡೆದಾಟದಲ್ಲಿ ಸಿಕ್ಕಿ ಜೈಲಿಗೆ ಹೋಗಿದ್ದ. ಮನೆಯವರಂತೆ ಪೌರತ್ವ ಪಡೆದಿರಲಿಲ್ಲವಾದ್ದರಿಂದ ಗಡೀಪಾರಿನ ಆದೇಶವಾಯಿತು. ಆದರೆ ಅಂಥವರನ್ನು ವಾಪಸ್ ಕರೆಸಿಕೊಳ್ಳಲು ಲಾವೋಸ್ ಒಪ್ಪದ್ದರಿಂದ ಕಳಿಸಲಿಲ್ಲ. ವರ್ಷಕ್ಕೊಮ್ಮೆ ನ್ಯೂವಾರ್ಕಿನ ವಲಸೆ ಕಚೇರಿಗೆ ಹೋಗಿ ಸಹಿ ಹಾಕಿ ಬರುತ್ತಿದ್ದ. ಇಪ್ಪತ್ತು ವರ್ಷ ಹಾಗೆಯೇ ನಡೆದಿತ್ತು. ಈಗ ಕಾಲ ಬದಲಾಗಿದೆ. ಸಹಿ ಹಾಕಲು ಒಳಗೆ ಹೋದ ಕೆಲವರು ಹೊರಗೆ ಬಂದಿಲ್ಲ ಎಂಬ ಸುದ್ದಿ ಅವರ ಮನೆಯನ್ನೂ ಮುಟ್ಟಿತ್ತು. ಅವನ ಸರದಿ ಮುಂದಿನ ಮಂಗಳವಾರ. ಮಗಳು, ಅಳಿಯನಿಗೆ ರಜೆಯಿಲ್ಲ.

"ನಾನು ಡ್ರೈವ್ ಮಾಡ್ತೀನಿ," ಎಂದೆ. ರಾತ್ರಿ ಯಜಮಾನರಿಗೆ ಹೇಳಿದಾಗ ಅವರು ಉಣ್ಣುವುದನ್ನು ನಿಲ್ಲಿಸಿದರು. "ನಮ್ಮ ಪೇಪರ್ ಇನ್ನೂ ಅವರ ಟೇಬಲ್ ಮ್ಯಾಲೆ ಐತಿ. ನೀನು ಅದ ಆಫೀಸಿಗೆ ಹೊಂಟಿ."

"ಒಳಗ ಹೋಗಂಗಿಲ್ರೀ. ಕಾರ್‌ನ್ಯಾಗ ಕುಂಡರ್ತೀನಿ. ಆ ಅವ್ವ ಒಬ್ಬಾಕೀನ ಹೆಂಗ ಕಾಯಬೇಕು?"

ಅವರು ಎದ್ದು ತಟ್ಟೆ ತೊಳೆದಿಟ್ಟರು. ಮಲಗುವ ಮುಂಚೆ, "ಪಾರ್ಕಿಂಗ್‌ಗೆ ಚಿಲ್ಲರೆ ಇಟ್ಕೋ," ಎಂದರು.

ಆ ಮಂಗಳವಾರ ಕೀವ್ ಒಳಗೆ ಹೋಗುವ ಮುನ್ನ ತನ್ನ ಗಡಿಯಾರ ಬಿಚ್ಚಿ, ಪಾಕೀಟು ತೆಗೆದು ತಾಯಿಯ ಮಡಿಲಲ್ಲಿಟ್ಟ. ನಾನೂ ಬುನ್ಮಿಯೂ ಕಾರಿನಲ್ಲಿ ಕೂತೆವು. ಮೊದಲ ಗಂಟೆ ಅವರು ಮಾತಾಡಿದರು, ಶಿಬಿರದಲ್ಲಿ ಅವನು ಹುಟ್ಟಿದ ದಿನ ನೀರಿನ ಲಾರಿ ಬಂದಿರಲಿಲ್ಲವಂತೆ. ಎರಡನೆಯ ಗಂಟೆ ಬಾಗಿಲು ನೋಡುತ್ತ ಕೂತರು. ಮೂರನೆಯ ಗಂಟೆಗೆ ನನ್ನ ಕೈ ಹಿಡಿದುಕೊಂಡರು. ಶಾಂಪೂ ಬಾಟಲಿಗಳ ಮುಚ್ಚಳ ತಿರುಗಿಸಿ ತಿರುಗಿಸಿ ಗಟ್ಟಿಯಾದ ಕೈ, ನೋವಾಗುವಷ್ಟು ಬಿಗಿಯಾಗಿತ್ತು.

ಕೀವ್ ಹೊರಗೆ ಬಂದ. ಓಡಲಿಲ್ಲ, ರಸ್ತೆಯ ಎರಡೂ ಕಡೆ ನೋಡಿ ನಿಧಾನವಾಗಿ ದಾಟಿದ. "ವರ್ಷ ಅಲ್ಲವಂತೆ, ಇನ್ನು ಮೂರು ತಿಂಗಳಿಗೊಮ್ಮೆ," ಎಂದು ಹಿಂದಿನ ಸೀಟಿನಲ್ಲಿ ಕೂತ. ಬುನ್ಮಿ ಅಳಲಿಲ್ಲ. ಗಡಿಯಾರ ತೆಗೆದು ಅವನ ಕೈಗೆ ತಾವೇ ಕಟ್ಟಿದರು.

ಕಾರು ಹೆದ್ದಾರಿಗೆ ಬಂದ ಮೇಲೆ ಅವನು ಮಾತು ತೆಗೆದ. "ನಾನು ಲಾವೋಸ್ ನೋಡೇ ಇಲ್ಲ. ಕಳಿಸಿದರೆ ಅಲ್ಲಿ ಯಾರ ಮನೆ ಬಾಗಿಲು ತಟ್ಟಲಿ ಗೊತ್ತಿಲ್ಲ. ನಿನಗಾದರೆ ಹೋಗೋಕೆ ಮನೆ ಇದೆ, ಅಲ್ವಾ?"

"ಇದೆ."

"ಸಂತೋಷ ಆಗುತ್ತಾ ಅವರಿಗೆ, ನೀನು ಹೋದರೆ?"

"ಆಗುತ್ತೆ. ಚೀಲ ಇಸ್ಕೊಂಡು, ನೀರು ಕೊಟ್ಟು, ಎಷ್ಟು ದಿನ ಇರ್ತೀ ಅಂತ ಕೇಳ್ತಾರೆ."

ಅವನು ಕಿಟಕಿಯ ಹೊರಗೆ ನೋಡುತ್ತ, "ಇಲ್ಲಿ?" ಎಂದ.

ಇಲ್ಲಿಯೂ ಅದನ್ನೇ ಕೇಳುತ್ತಾರೆ ಎಂದೆ. ಅಲ್ಲಿಯವರ ಪ್ರಶ್ನೆಯಲ್ಲಿ ಪ್ರೀತಿಯಿದೆ, ಇಲ್ಲಿಯವರ ಪ್ರಶ್ನೆಯಲ್ಲಿ ಕಾನೂನಿದೆ. ಉತ್ತರವಾಗಿ ನಾನು ಎರಡು ಕಡೆಯೂ ಹೊರಡುವ ಒಂದು ತಾರೀಖು ಹೇಳುತ್ತೇನೆ.