ಟ್ರಾನ್ಸಿಸ್ಟರ್ ಬಾರದ ಲೋಕ

“ಅಜ್ಜಿ, ಈ ಆಟದ ಲೋಕದಾಗ ಟ್ರಾನ್ಸಿಸ್ಟರ್ ನೂರು ವರ್ಷ ತಡವಾಗಿ ಬರ್ತೈತಿ. ಆಮ್ಯಾಲ ಅಣುಬಾಂಬ್ ಬಿದ್ದು ಎಲ್ಲಾ ಹಾಳಾಗ್ತೈತಿ,” ಎಂದಳು ಮೊನ್ನೆ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಮೊಮ್ಮಗಳು. ನನಗೆ ಥಟ್ಟನೆ ಅವ್ವ ನೆನಪಾದಳು.

ಅರವತ್ತರ ದಶಕದ ಕೊನೆ. ಸಿರುಗುಪ್ಪದ ನಮ್ಮ ಮನೆಗೆ ಕರೆಂಟಿರಲಿಲ್ಲ, ಅವ್ವ ಹಾಸಿಗೆ ಹಿಡಿದಿದ್ದಳು. ಹಿಂದಿನ ವಾರ ಧ್ವನಿಮುದ್ರಿಸಿದ್ದ ನನ್ನ ಹಾಡು ರೇಡಿಯೊದಲ್ಲಿ ಬರುವ ದಿನ ಅಪ್ಪ ಬಳ್ಳಾರಿಯಿಂದ ಸೆಲ್ ಹಾಕುವ ಟ್ರಾನ್ಸಿಸ್ಟರ್ ತಂದು ಅವಳ ದಿಂಬಿನ ಪಕ್ಕ ಇಟ್ಟ. ಹಾಡು ಶುರುವಾದದ್ದೇ ಅವ್ವ ನನ್ನತ್ತ ತಿರುಗಿದಳು.

“ಲೇ, ನೀ ಇಲ್ಲೇ ಅದೀ, ಮತ್ತ ಒಳಗ ಹಾಡಾಕತ್ತಾಕಿ ಯಾರ?”

ನಗುತ್ತಲೇ ಕೇಳಿದಳು. ಹಾಡು ಮುಗಿಯುವಾಗ ಅಳುತ್ತಿದ್ದಳು.

ಮುಂದಿನ ಸುಗ್ಗಿಗೆ ಅವ್ವ ಇರಲಿಲ್ಲ. ಆ ಪುಟ್ಟ ಪೆಟ್ಟಿಗೆ ತಕ್ಕ ಹೊತ್ತಿಗೆ ಬಂದ ಲೋಕದಲ್ಲೇ ನಾವಿದ್ದೆವಲ್ಲ ಎಂಬ ಸಮಾಧಾನ ಮೊನ್ನೆ ಮೊದಲ ಸಲ ಆಯಿತು.