ಪಂಜು ಹಿಡಿದವನ ಕಣ್ಣು

ರಾತ್ರಿ ಮೆರವಣಿಗೆಯ ಚಿತ್ರದಲ್ಲಿ ಅಂಬಾರಿಯ ಮೇಲಿನ ದೊರೆಯ ಮುಖ ಹೊಳೆಯುವುದನ್ನು ಕಂಡಾಗ, ಆ ಮುಖಕ್ಕೆ ಬೆಳಕು ಹಿಡಿದವರು ಯಾರೆಂದು ನೀವು ಎಂದಾದರೂ ಕೇಳಿದ್ದೀರಾ? ಆ ಪ್ರಶ್ನೆಯನ್ನು ನನಗೆ ಕಲಿಸಿದವರು ನಂಜಪ್ಪ ಮೇಷ್ಟ್ರು.

ಮೆಲ್ಬರ್ನ್ ಅಂಚಿನ ಡ್ಯಾಂಡಿನಾಂಗ್‌ನಲ್ಲಿ ನರ್ಸ್ ಆಗಿದ್ದ ಮಗಳು ಸರೋಜಳ ಮನೆಯ ಗ್ಯಾರೇಜೇ ಅವರ ಚಿತ್ರಶಾಲೆ; ಕಾರು ಬೀದಿಯಲ್ಲಿ ನೆನೆಯುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋದಾಗಲೆಲ್ಲ ನಾನು ಅಲ್ಲಿ ಹಾಜರಾಗುತ್ತಿದ್ದೆ. ಮಾತೆತ್ತಿದರೆ ಭಾಷಣ ಬಿಗಿಯುವ ನನಗೆ ಬಾಗಿಲಲ್ಲೇ ಸ್ವಾಗತ: “ಭಾಷಣಾನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾರಪ್ಪ.”

ಅವರ ಯೌವನದಲ್ಲಿ ಸಣ್ಣ ಸಂಸ್ಥಾನವೊಂದರ ದೊರೆ ತನ್ನ ಪಟ್ಟಾಭಿಷೇಕದ ಮೆರವಣಿಗೆಯನ್ನು ಚಿತ್ರಿಸಲು ಅಪ್ಪಣೆ ಕೊಟ್ಟಿದ್ದ. ಮೇಷ್ಟ್ರು ಕಂಡದ್ದನ್ನೆಲ್ಲ ಬರೆದರು; ಆನೆಯ ಪಕ್ಕ ಪಂಜು ಹಿಡಿದು ನಡೆದಿದ್ದ ತಮ್ಮ ತಂದೆಯನ್ನೂ. ದೊರೆ ನೋಡಿ, “ಪಂಜಿನವನು ಇಲ್ಲಿ ಯಾಕೆ? ಅಳಿಸು” ಎಂದ. ಮಗನೇ ತಂದೆಯ ಮೇಲೆ ಕಪ್ಪು ಬಳಿದ. ಬೆಳಕು ಮಾತ್ರ ಉಳಿಯಿತು.

“ನೀವು ಪ್ರತಿಭಟಿಸಬೇಕಿತ್ತು ಮೇಷ್ಟ್ರೇ.”

“ನಿನ್ನನ್ನ ಕರ್ಕೊಂಡು ಹೋಗ್ಬೇಕಿತ್ತು ನೋಡು. ಇಬ್ರನ್ನೂ ಅಳಿಸಿಬಿಡೋರು!”

ನಕ್ಕರು, ನಗು ಬೇಗ ಆರಿತು. ತಂದೆಯನ್ನು ಮರಳಿ ಕರೆತರಲೆಂದೇ ಅದೇ ಮೆರವಣಿಗೆಯನ್ನು ಅವರು ಗ್ಯಾರೇಜಿನಲ್ಲಿ ಮತ್ತೆ ಬರೆಯುತ್ತಿದ್ದರು. ಉಳಿದೆಲ್ಲ ಮುಗಿದ ಮೇಲೆಯೇ ಮುಖಗಳಿಗೆ ಕಣ್ಣು ಬರೆದು ತೆರೆಸುವುದು ಅವರ ಗುರುಮನೆಯ ಪದ್ಧತಿ. ಸ್ನಾನ ಮಾಡಿ ಬಂದು, ಉಸಿರು ಬಿಗಿಹಿಡಿದು, ಮುಖಮುಖಕ್ಕೂ ದೃಷ್ಟಿ ಕೊಟ್ಟರು. ಆನೆಗೆ ಕೊಟ್ಟರು, ದೊರೆಗೂ ಕೊಟ್ಟರು. ತಂದೆಯ ಮುಂದೆ ಕುಂಚ ನಿಂತುಹೋಯಿತು.

ನಾನು ಕೊನೆಯ ಬಾರಿ ಹೋದಾಗಲೂ ಅದು ಅಲ್ಲೇ ನಿಂತಿತ್ತು.

“ನೆನಪಾಗ್ತಿಲ್ಲ ಕಣೋ,” ಎಂದರು. “ಪಂಜಿನ ಹೊಗೆಗೆ ಅಪ್ಪ ಯಾವಾಗ್ಲೂ ಕಣ್ಣು ಕಿರಿದು ಮಾಡ್ಕೊಂಡೇ ಇರ್ತಿದ್ದ.”

“ಒಂದು ಫೋಟೋ ಕೂಡ ಇಲ್ಲವೇ?”

“ಪಂಜಿನವನ ಫೋಟೋ ಯಾರು ತೆಗೀತಾರಪ್ಪ? ಇದ್ದದ್ದು ಒಂದೇ ಚಿತ್ರ. ಅದನ್ನ ನಾನೇ ಮುಚ್ಚಿದೆ.”

ಆ ಚಳಿಗಾಲದಲ್ಲೇ ಮೇಷ್ಟ್ರು ತೀರಿಕೊಂಡರು. ಸರೋಜ ಚಿತ್ರವನ್ನು ನನಗೆ ಒಪ್ಪಿಸಿದಳು. ಈಗ ಅದು ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಾವು ಕನ್ನಡಿಗರು ಸೇರುವ ಸಭಾಂಗಣದ ಗೋಡೆಯ ಮೇಲಿದೆ. ಅಷ್ಟು ಜನರ ನಡುವೆ ಒಬ್ಬನೇ ಒಬ್ಬ ಕಣ್ಣಿಲ್ಲದೆ ಬೆಳಕು ಹಿಡಿದಿದ್ದಾನೆ. ಮೊನ್ನೆ ಗೆಳೆಯರೊಬ್ಬರು ಪ್ರೀತಿಯಿಂದಲೇ ಹೇಳಿದರು: “ಎರಡು ಚುಕ್ಕೆ ತಾನೆ ಸಾರ್? ಒಳ್ಳೆ ಆರ್ಟಿಸ್ಟ್ ಇದ್ದಾರೆ, ಫಿನಿಷ್ ಮಾಡಿಸಿಬಿಡೋಣ.”

ಮಗನಿಗೇ ನೆನಪಾಗದ ಕಣ್ಣುಗಳು ಅವು. ದಯವಿಟ್ಟು ಅವನ್ನು ಬೇರೆ ಯಾರ ಕೈಯಿಂದಲೂ ಬರೆಸಬೇಡಿ.